ಮಳೆಗಾಲದ ತೋಟದ ಜೀಪು, 1/35: ತೋಟದ ಮಣ್ಣೇ ಹಾಕಿದರೂ ಕೆಸರಿನ ಹಾಗೆ ಕಾಣ್ತಿಲ್ಲ

ಮೂಡಿಗೆರೆ ಜೀಪು

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಒಂದು ಜೀಪಿನ ಪುಟ್ಟ ಮಾಡೆಲ್ ಕಟ್ಟುತ್ತಿದ್ದೇನೆ, 1/35 ಅಂದರೆ ನಿಜದ ಗಾಡಿಯ ಮೂವತ್ತೈದನೇ ಒಂದು ಭಾಗದ ಅಳತೆಯಲ್ಲಿ. ನಮ್ಮ ತೋಟದಲ್ಲಿದ್ದ ಹಳೇ ಮಹೀಂದ್ರ, ಎತ್ತರ ಬಾನೆಟ್ಟಿನದು. ನಾನು ಪಿಯುಸಿ ಓದುವಾಗ ಅದು ಗುಜರಿಗೆ ಹೋಯಿತು. ಫೋಟೋ ಅಂತ ಉಳಿದಿರುವುದು ಎರಡೇ. ಒಂದರಲ್ಲಿ ಅರ್ಧ ಜೀಪು, ಇನ್ನೊಂದರಲ್ಲಿ ಅತ್ತೆಯ ಮದುವೆ ದಿಬ್ಬಣದ ಹಿಂದೆ ಬರೀ ಮೂತಿ.

ಆ ಜೀಪಿನ ಕಿಟ್, ಅಂದರೆ ಜೋಡಿಸುವ ಪ್ಲಾಸ್ಟಿಕ್ ಬಿಡಿಭಾಗಗಳು, ನನಗೆ ಸಿಗಲಿಲ್ಲ. ಅದಕ್ಕೆ ಜಪಾನಿನ ತಮಿಯಾ ಕಂಪನಿಯ 1/35 ವಿಲ್ಲಿಸ್ ಎಂಬಿ ಕಿಟ್ ತರಿಸಿದೆ. ಅದು ಎರಡನೇ ಮಹಾಯುದ್ಧದ ಜೀಪು. ಸ್ಟೇರಿಂಗ್ ಎಡಕ್ಕೆ, ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ನಮ್ಮದಕ್ಕೆ ಏಳು. ಗ್ರಿಲ್ಲನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಹೊಸದಾಗಿ ಕೊರೆದೆ, ಬಾನೆಟ್ ಎತ್ತರಿಸಿದೆ, ಸ್ಟೇರಿಂಗ್ ಬಲಕ್ಕೆ ತಂದೆ, ಹಿಂದೆ ಕೆಳಗೆ ಇಳಿಸುವ ಬಾಗಿಲು ಕೂರಿಸಿದೆ. ಇಷ್ಟೆಲ್ಲ ಆದಮೇಲೂ ಉದ್ದ ಹೆಚ್ಚುಕಡಿಮೆ ಒಂಬತ್ತೂವರೆ ಸೆಂಟಿಮೀಟರ್. ಅಂಗೈಯಲ್ಲಿ ಕೂರುತ್ತದೆ.

ಅಲ್ಲಿವರೆಗೆ ಎಲ್ಲಾ ಚೆನ್ನಾಗಿತ್ತು. ಆಮೇಲೆ ಎರಡು ಕಡೆ ಕೆಟ್ಟಿತು. ಹೋದ ಭಾನುವಾರ ಬಣ್ಣದ ಮೇಲೆ ಮ್ಯಾಟ್ ಕ್ಲಿಯರ್, ಅಂದರೆ ಹೊಳಪಿಲ್ಲದ ಪಾರದರ್ಶಕ ಪದರ, ಸ್ಪ್ರೇ ಹೊಡೆದೆ. ಹೊರಗೆ ಜಡಿಮಳೆ. ಹತ್ತು ನಿಮಿಷಕ್ಕೆ ಹಸಿರು ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪದರ ಬಂತು. ಇನ್ನೊಂದು, ಕೆಸರು. ತೋಟದ ಮಣ್ಣನ್ನೇ ತಂದು ಫೆವಿಕಾಲ್ ನೀರಿನಲ್ಲಿ ಕಲಸಿ ಮೆತ್ತಿದೆ. ಜೀಪನ್ನು ಮುದ್ದೆ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದೆ. ನಮ್ಮದೇ ಮಣ್ಣು, ಆದರೂ ಯಾಕೆ ಹೀಗೆ? ಗೊತ್ತಿದ್ದವರು ಹೇಳಿ. ಈ ಜೀಪು ಸರಿಯಾಗಿ ಬರಬೇಕು ಅಂತ ತುಂಬಾ ಆಸೆ ಇದೆ.

ಹಾಸನ ಟಿಂಕರಿಂಗ್

ತಮ್ಮಾ, ನಾನು ದೊಡ್ಡ ಗಾಡಿಗಳಿಗೆ ಬಣ್ಣ ಹೊಡೆಯುವವನು, ಇಪ್ಪತ್ತೆರಡು ವರ್ಷ ಆಯ್ತು. ಮಾಡೆಲ್ ಕಟ್ಟೋದು ರಾತ್ರಿ, ಅಂಗಡಿ ಬಾಗಿಲು ಹಾಕಿದ ಮೇಲೆ. ನಿನ್ನ ಬಿಳಿ ಪದರ ನನಗೆ ಹಳೇ ಪರಿಚಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶೆಡ್ಡಿನಲ್ಲೂ ಇದೇ ಕಾಟ.

ಸ್ಪ್ರೇಯಲ್ಲಿರೋ ಥಿನ್ನರ್ ಬೇಗ ಆರುತ್ತೆ ಅಲ್ವಾ, ಆರುವಾಗ ಆ ಜಾಗ ತಣ್ಣಗಾಗುತ್ತೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತಲ್ಲ, ಹಾಗೆ. ಗಾಳಿಯಲ್ಲಿರುವ ನೀರು ಆ ತಣ್ಣನೆ ಜಾಗದ ಮೇಲೆ ಇಬ್ಬನಿ ಥರ ಕೂರುತ್ತೆ. ಬಣ್ಣ ಇನ್ನೂ ಹಸಿ ಇರುತ್ತೆ, ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಅದೇ ಆ ಬಿಳಿ. ಡಬ್ಬಿಯ ತಪ್ಪಲ್ಲ, ನಿನ್ನ ಕೈಯ ತಪ್ಪೂ ಅಲ್ಲ.

ನಾನು ಮಾಡೋದು ಹೇಳ್ತೀನಿ. ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಕಾಲದ ತಂತಿ ಬಲ್ಬು, 60 ವ್ಯಾಟ್. ಎಲ್‌ಇಡಿ ಬೇಡ, ಅದು ಬಿಸಿ ಕೊಡಲ್ಲ. ಬಲ್ಬು ಮಾಡೆಲ್‌ಗೂ ರಟ್ಟಿಗೂ ದೂರ ಇರಲಿ, ಗಾಳಿ ಆಡೋಕೆ ಎರಡು ತೂತು, ಬಿಟ್ಟು ಆಚೆ ಹೋಗಬೇಡ. ಜೀಪನ್ನು ಅರ್ಧ ಗಂಟೆ ಒಳಗಿಡು. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ನಿಲ್ಲಿಸು. ಬಿಸಿ ನೀರು, ಒಲೆ ಹತ್ತಿರ ಮಾತ್ರ ಬೇಡವೇ ಬೇಡ, ಡಬ್ಬಿ ಸಿಡಿಯುತ್ತೆ. ಕಂಪ್ರೆಸರ್ ಇದ್ದರೆ ನೀರು ಹಿಡಿಯೋ ಟ್ರ್ಯಾಪ್ ಹಾಕು. ಥಿನ್ನರ್‌ಗೆ ರಿಟಾರ್ಡರ್ ಸ್ವಲ್ಪ ಸೇರಿಸಿದರೆ ಬಣ್ಣ ನಿಧಾನ ಆರುತ್ತೆ, ನೀರು ಹೊರಗೆ ಹೋಗೋಕೆ ಟೈಮ್ ಸಿಗುತ್ತೆ.

ಈಗ ಬಂದಿರುವ ಬಿಳಿ ಹೋಗಬೇಕು ಅಂದರೆ ಮಳೆ ಬಿಟ್ಟ ದಿನ ಮಧ್ಯಾಹ್ನ ಬರೀ ಥಿನ್ನರ್, ರಿಟಾರ್ಡರ್ ಸೇರಿಸಿ ತೆಳ್ಳಗೆ ಒಂದು ಕೈ ಊದು. ಮೇಲ್ಪದರ ಕರಗಿ ಮತ್ತೆ ಕೂತಾಗ ಬಿಳಿ ಮಾಯ ಆಗುತ್ತೆ.

ಚಿಕ್ಕಮಗಳೂರು 1/24

ಅಣ್ಣ ಹೇಳಿದ್ದು ಸರಿ. ಆದರೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಗ್ಯಾರೇಜಿನ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ತಗಡಿಗೆ ಸರಿ, ಕಿಟ್ ಪ್ಲಾಸ್ಟಿಕ್ಕಿಗೆ ಅಲ್ಲ. ಆ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅದು ಕರಗುತ್ತದೆ. ನಾನು ಮೊದಲ ಕಾರಿನ ಬಾಗಿಲು ಹೀಗೇ ಕಳೆದುಕೊಂಡೆ. ಬ್ರಶ್ಶಿನಲ್ಲಿ ಥಿನ್ನರ್ ಹಚ್ಚಿ ಒರೆಸಲು ಹೋದೆ, ಹಿಡಿಕೆಯ ಗೆರೆಗಳೆಲ್ಲ ಬೆಣ್ಣೆ ಥರ ಜಾರಿಹೋದವು. ಮಾಡೆಲ್ಲಿಗೆ ಅಂತಲೇ ಬರುವ ಲ್ಯಾಕರ್ ಥಿನ್ನರ್ ತಗೊಳ್ಳಿ, ಕೆಳಗೆ ಪ್ರೈಮರ್ ಇರಲಿ, ದೂರದಿಂದ ಮಂಜಿನ ಹಾಗೆ ಹೊಡೆಯಿರಿ. ಮೊದಲು ಯಾವುದಾದರೂ ಹಳೇ ತುಂಡಿನ ಮೇಲೆ ನೋಡಿ.

ಮಾಸ್ಕ್ ಹಾಕಿಕೊಳ್ಳಿ, ದಯವಿಟ್ಟು. ಬಟ್ಟೆ ಮಾಸ್ಕ್ ಅಲ್ಲ, ಇದ್ದಿಲಿನ ಕಾರ್ಟ್ರಿಡ್ಜ್ ಇರುವುದು. ಮಳೆ ಅಂತ ಕಿಟಕಿ ಮುಚ್ಚಿ ಸ್ಪ್ರೇ ಮಾಡುವವರು ಜಾಸ್ತಿ ನಮ್ಮ ಕಡೆ.

ಬೇಲೂರು ಮೇಷ್ಟ್ರು

ಮಣ್ಣಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಣ್ಣು ಸರಿಯಾದದ್ದೇ. ಕಾಳಿನ ಗಾತ್ರ ತಪ್ಪಾಗಿದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಮಣ್ಣಿನಲ್ಲಿ ಅರ್ಧ ಮಿಲಿಮೀಟರ್ ಕಾಳು ಇದೆ ಅಂದುಕೊಳ್ಳಿ, ಕಣ್ಣಿಗೆ ಅದು ನುಣ್ಣನೆ ಮಣ್ಣೇ. ಅದನ್ನು 35ರಿಂದ ಗುಣಿಸಿ. ಹದಿನೇಳೂವರೆ ಮಿಲಿಮೀಟರ್. ಒಂದು ಒಳ್ಳೇ ಕಾಫಿ ಹಣ್ಣಿನಷ್ಟು ಆಯಿತು. ನಿಮ್ಮ ಜೀಪಿನ ಮಡ್‌ಗಾರ್ಡಿಗೆ ಸಾವಿರಾರು ಕಾಫಿ ಹಣ್ಣು ಅಂಟಿಕೊಂಡಿದೆ. ಅದಕ್ಕೇ ಮುದ್ದೆ ಹಿಟ್ಟಿನ ಹಾಗೆ ಕಾಣುವುದು.

ನಾನು ಮಾಡುವ ಕ್ರಮ ಹೀಗೆ. ಮಣ್ಣನ್ನು ಒಂದು ಗಾಜಿನ ಲೋಟದ ನೀರಿಗೆ ಹಾಕಿ ಚೆನ್ನಾಗಿ ಕದಡುತ್ತೇನೆ. ಸುಮ್ನೆ ಒಂದು ನಿಮಿಷ ಬಿಡುತ್ತೇನೆ. ದಪ್ಪ ಕಾಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಲೋಟಕ್ಕೆ ಬಗ್ಗಿಸುತ್ತೇನೆ. ಹೀಗೆ ಮೂರು ಸಲ. ಕೊನೆಯ ಲೋಟವನ್ನು ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆನೆಯ ಹಾಗೆ ಮಣ್ಣು ಕೂತಿರುತ್ತದೆ. ಮೇಲಿನ ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ, ಬೆರಳಲ್ಲಿ ತಿಕ್ಕಿದರೆ ಕುಂಕುಮದ ಹಾಗೆ ಪುಡಿ. ಉಗುರಿನ ಸಂದಿಗೆ ಇಳಿದರೆ ತೊಳೆದರೂ ಹೋಗುವುದಿಲ್ಲ, ಅಷ್ಟು ನಯ. ಅದನ್ನು ಮಾಡೆಲ್ ಮೇಲೆ ಒಣ ಬ್ರಶ್ಶಿನಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿ. ತಾನಾಗಿ ಹರಡಿಕೊಂಡು ಕೂರುತ್ತದೆ. ಒಣಗಿದ ಮೇಲೆ ಜಾಸ್ತಿ ಆಗಿದ್ದನ್ನು ಬ್ರಶ್ಶಿನಲ್ಲೇ ಎತ್ತಬಹುದು. ಫೆವಿಕಾಲ್ ಹಾಕಿದರೆ ಆ ಅವಕಾಶ ಇರುವುದಿಲ್ಲ.

ಟರ್ಪೆಂಟೈನ್ ಬರಿ ಪ್ಲಾಸ್ಟಿಕ್ಕಿಗೆ ತಾಗಬಾರದು. ಕೀಲುಗಳ ಸಂದಿಗೆ ಇಳಿದು ನಿಂತರೆ ಬಿರುಕು ಬಿಡುತ್ತದೆ. ಕೆಳಗೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಕ್ಲಿಯರ್ ಇರಲಿ.

ಬಣ್ಣದ ವಿಚಾರಕ್ಕೆ ಒಂದು ಮಾತು. ಕೆಂಪು ಮಣ್ಣು ಅಂದರೆ ಒಂದೇ ಕೆಂಪು ಅಲ್ಲ. ಕೆಮ್ಮಣ್ಣುಗುಂಡಿಯ ಮಣ್ಣು ನೋಡಿ, ಹೆಸರೇ ಹೇಳುತ್ತದೆ, ಅಲ್ಲಿಂದ ಭದ್ರಾವತಿಗೆ ಕಬ್ಬಿಣದ ಅದಿರು ಹೋಗುತ್ತಿತ್ತು. ಅದು ಕಡುಗೆಂಪು. ನಮ್ಮ ಬೇಲೂರಿನ ಹೊಲದ ಮಣ್ಣಿಗೆ ಸ್ವಲ್ಪ ಕಂದು. ತೋಟದ ಒಳಗಿನದಕ್ಕೆ ಎಲೆ ಕೊಳೆತ ಕಪ್ಪು ಸೇರಿರುತ್ತದೆ. ನಾನು ಐದು ಊರಿನ ಮಣ್ಣನ್ನು ಮಾತ್ರೆ ಡಬ್ಬಿಗಳಲ್ಲಿ ಹೆಸರು ಬರೆದು ಇಟ್ಟುಕೊಂಡಿದ್ದೇನೆ.

ಮೂಡಿಗೆರೆ ಜೀಪು

ಮೇಷ್ಟ್ರೇ, ಕಾಫಿ ಹಣ್ಣಿನ ಲೆಕ್ಕ ಕೇಳಿ ಎದ್ದು ಹೋಗಿ ಜೀಪನ್ನು ಮತ್ತೆ ನೋಡಿದೆ. ಹೌದು, ಅದೇ! ಬಿಸಿ ಮಾಡಿದ ನೀರಲ್ಲಿ ನೆನೆಸಿ ಹಳೇ ಟೂತ್‌ಬ್ರಶ್ಶಿನಲ್ಲಿ ಫೆವಿಕಾಲ್ ಮಣ್ಣು ತೆಗೆಯುತ್ತಿದ್ದೇನೆ. ಬಿಡುತ್ತಿದೆ, ನಿಧಾನಕ್ಕೆ.

ಕಳಸದ ಅಕ್ಕ

ನೀರು ಬಿಸಿ ಜಾಸ್ತಿ ಆಗದಿರಲಿ ಮರಿ, ಬಾನೆಟ್ ಸೊಟ್ಟ ಆದೀತು. ಕೈ ಇಡುವಷ್ಟು ಸಾಕು.

ನಾನು ಕಟ್ಟುವುದು ಬರೀ ಮಲೆನಾಡಿನ ಗಾಡಿಗಳು. ಹೊರದೇಶದವರ ವಿಡಿಯೋ ನೋಡಿ ಕಲಿತೆ, ತುಂಬಾ ಕಲಿತೆ. ಆದರೆ ಅವರ ಗಾಡಿ ಮರುಭೂಮಿಯಲ್ಲೋ ಹಿಮದಲ್ಲೋ ನಿಂತಿರುತ್ತದೆ. ಅವರು ತುಕ್ಕು ಬಳಿಯುತ್ತಾರೆ ಅಂತ ನಾವೂ ಗಾಡಿ ತುಂಬಾ ಕಿತ್ತಳೆ ಬಳಿದರೆ ನಮ್ಮ ಊರಿನದ್ದು ಆಗುವುದಿಲ್ಲ. ನಮ್ಮಲ್ಲಿ ತುಕ್ಕಿಗಿಂತ ಮೊದಲು ಬರುವುದು ಪಾಚಿ.

ಮಳೆಗಾಲದಲ್ಲಿ ಹದಿನೈದು ದಿನ ನಿಂತ ಜೀಪು ಹೋಗಿ ನೋಡಿ. ಕ್ಯಾನ್ವಾಸ್ ಟಾಪಿನ ಹೊಲಿಗೆ ಉದ್ದಕ್ಕೂ ಹಸಿರು ಗೆರೆ. ಮುಂದಿನ ಗಾಜಿನ ರಬ್ಬರಿನ ಕೆಳಗಿನ ಮೂಲೆಯಲ್ಲಿ ಹಸಿರು. ಟಾಪು ಎಲ್ಲಿ ತಗ್ಗಾಗಿ ನೀರು ನಿಲ್ಲುತ್ತದೋ ಅಲ್ಲಿ ಕಪ್ಪು ಬೂಸಲು ಚುಕ್ಕೆ. ಇದನ್ನು ನಾನು ಆಯಿಲ್ ಬಣ್ಣದಲ್ಲಿ ಮಾಡುತ್ತೇನೆ. ಸ್ಯಾಪ್ ಗ್ರೀನ್‌ಗೆ ಚೂರು ಕಂದು ಸೇರಿಸಿ, ಟರ್ಪೆಂಟೈನ್‌ನಲ್ಲಿ ನೀರಾಗಿಸಿ, ಸಣ್ಣ ಬ್ರಶ್ಶಿನ ತುದಿಯಲ್ಲಿ ಹೊಲಿಗೆಗೆ ಮುಟ್ಟಿಸಿದರೆ ತಾನೇ ಓಡುತ್ತದೆ. ಆಮೇಲೆ ಒಣ ಬ್ರಶ್ಶಿನಲ್ಲಿ ಕೆಳಮುಖ ಎಳೆಯಿರಿ. ತುಂಬಾ ಕಡಿಮೆ ಹಾಕಬೇಕು. ಹಾಕಿದ್ದು ಹತ್ತಿರ ಬಂದಾಗ ಮಾತ್ರ ಕಾಣಬೇಕು.

ತುಕ್ಕು ಎಲ್ಲಿ ಅಂದರೆ, ಒಳಗೆ ಕಾಲಿಡುವ ಮ್ಯಾಟಿನ ಕೆಳಗೆ, ಗಾಜು ಮಡಚುವ ಕೀಲಿನ ಬುಡದಲ್ಲಿ, ನೀರು ಹೋಗಲು ದಾರಿಯಿಲ್ಲದ ಕಡೆ. ಹಳೇ ತುಕ್ಕು ಕಡುಕಂದು, ಕಿತ್ತಳೆ ಇರುವುದು ಅಂಚಿನಲ್ಲಿ ಮಾತ್ರ.

ಮತ್ತೆ ಚೈನು! ಕೆಸರಿನ ಗಾಡಿಗೆ ಚಕ್ರಕ್ಕೆ ಚೈನು ಕಟ್ಟಿದ್ದಾರಾ? ನಮ್ಮ ಕಡೆ ಜೂನ್ ಬಂತು ಅಂದರೆ ಹಿಂದಿನ ಚಕ್ರಕ್ಕೆ ಚೈನು ಬೀಳುತ್ತಿತ್ತು, ಇಲ್ಲದಿದ್ದರೆ ಕಣದಿಂದ ಮೇಲಕ್ಕೆ ಹತ್ತುತ್ತಲೇ ಇರಲಿಲ್ಲ. ನಾನು ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಅತಿ ಸಣ್ಣ ಸರ ತಂದು, ಹೊಳಪು ಹೋಗಲು ಕಪ್ಪು ಬಣ್ಣ ಹಚ್ಚಿ, ಟೈರಿಗೆ ಅಡ್ಡಡ್ಡ ಕಟ್ಟಿದ್ದೆ. ನೆಲಕ್ಕೆ ತಾಗುವ ಕೊಂಡಿಗಳ ಮೇಲಿನ ಬಣ್ಣ ಮಾತ್ರ ಉಗುರಲ್ಲಿ ಕೆರೆದೆ. ಉಜ್ಜಿ ಉಜ್ಜಿ ಬೆಳ್ಳಗಾದ ಕಬ್ಬಿಣ ಅಲ್ಲೇ ಕಾಣುವುದು.

ಸಕಲೇಶಪುರ 46

ಅಕ್ಕ, ಆ ಚೈನಿನ ಜೀಪಿನ ಫೋಟೋ ಹಾಕಿ, ನೋಡಲೇಬೇಕು.

ನಾನು ಲಾರಿ ಮಾಡುವವನು. ನಮ್ಮ ಮನೆ ಮುಂದೆಯೇ ಶಿರಾಡಿ ಘಾಟಿಗೆ ಹೋಗುವ ಗಾಡಿಗಳು, ದಿನವಿಡೀ ನೋಡುತ್ತೇನೆ. ಮಂಗಳೂರಿನಿಂದ ಬರುವ ಗ್ಯಾಸ್ ಬುಲೆಟ್ ಟ್ಯಾಂಕರ್‌ಗಳನ್ನು ನೋಡಿಯೇ ನಾನು ಕೊಳೆ ಕಲಿತದ್ದು. ಬಿಳಿ ಟ್ಯಾಂಕಿನ ಮೇಲೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತದೆ. ಚಕ್ರ ಎರಚಿದ್ದು ಬೀಸಣಿಗೆ ಥರ ಕೆಳಗಿನಿಂದ ಮೇಲಕ್ಕೆ. ಮಳೆ ಇಳಿಸಿದ್ದು ಗೆರೆ ಥರ ಮೇಲಿನಿಂದ ಕೆಳಕ್ಕೆ. ಈ ಎರಡನ್ನೂ ಒಂದೇ ಬ್ರಶ್ಶಿನಲ್ಲಿ ಒಂದೇ ದಿಕ್ಕಿನಲ್ಲಿ ಮಾಡಿದರೆ ಕಣ್ಣು ಒಪ್ಪುವುದಿಲ್ಲ. ಎರಚಲಿಗೆ ಹಳೇ ಬ್ರಶ್ಶಿಗೆ ಬಣ್ಣ ಅದ್ದಿ ಹಲ್ಲುಕಡ್ಡಿಯಲ್ಲಿ ಕೂದಲನ್ನು ಮೀಟಿ. ಮೊದಲು ಪೇಪರ್ ಮೇಲೆ ಮೀಟಿ, ದಪ್ಪ ಹನಿ ಹೋದಮೇಲೆ ಗಾಡಿ ಕಡೆ ತಿರುಗಿಸಿ.

ಒಂದು ಕೆಸರಿನ ಮೇಲೆ ಇನ್ನೊಂದು ಇರುತ್ತದೆ. ಹೋದ ವಾರದ್ದು ಒಣಗಿ ತಿಳಿ ಬಣ್ಣ. ಇವತ್ತಿನದು ಕಪ್ಪಗೆ, ಒದ್ದೆ, ಸ್ವಲ್ಪ ಹೊಳಪು. ಒಣಗಿದ್ದನ್ನು ಮೊದಲು ಅಗಲವಾಗಿ ಹಾಕಿ, ಹಸಿಯದನ್ನು ಕಡಿಮೆ ಜಾಗಕ್ಕೆ, ಹೊಳಪಿನ ವಾರ್ನಿಶ್ ಸೇರಿಸಿ ಮೇಲೆ ಹಾಕಿ.

ಹಾಸನ ಬಸ್ ಕಟ್ಟುವವ

ಬಸ್ಸಿಗೂ ಇದೇ ಮಾತು. ನಾನು ಕೆಂಪು ಬಸ್ಸು ಕಟ್ಟುತ್ತೇನೆ, ಫೋಮ್ ಶೀಟಿನಲ್ಲಿ, 1/24. ಹನ್ನೆರಡು ಮೀಟರ್ ಬಸ್ಸು ಅರ್ಧ ಮೀಟರ್ ಬರುತ್ತದೆ, ಇಡಲು ಜಾಗದ್ದೇ ತೊಂದರೆ. ಚಾರ್ಮಾಡಿ ಇಳಿದು ಬಂದ ಬಸ್ಸಾದರೆ ಕಿಟಕಿ ಕೆಳಗೆ ವಾಂತಿಯ ಕಲೆ ಇರಲೇಬೇಕು. ಕೇಳಲು ಹೇಸಿಗೆ ಅನ್ನಿಸಬಹುದು, ಆದರೆ ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಡ್ರೈವರ್ ಪಕ್ಕದ ಕಿಟಕಿಯ ಕೆಳಗಿರುವುದಿಲ್ಲ, ಹಿಂದಿನ ಅರ್ಧದಲ್ಲೇ ಜಾಸ್ತಿ.

ಅರಸೀಕೆರೆ ತೆಂಗು

ಒಂದು ಮಾತು ಕೇಳಲಾ? ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಗಾಡಿಯನ್ನು ಕೊಳೆ ಮಾಡುವುದರ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ತಂದೆ ಲಾರಿ ಓಡಿಸುತ್ತಿದ್ದರು. ತೆಂಗಿನಕಾಯಿ ಲೋಡು ಇಳಿಸಿ ಬಂದವರು ಮೊದಲು ಗಾಡಿ ತೊಳೆದು ಆಮೇಲೆ ತಾವು ಸ್ನಾನ ಮಾಡುತ್ತಿದ್ದರು. ಹೊಟ್ಟೆಗೆ ಹಾಕಿದ ಗಾಡಿ ಅದು. ನಾನು ಅವರ ಲಾರಿ ಮಾಡಿದಾಗ ಒಂದು ಚುಕ್ಕೆ ಕೆಸರೂ ಹಾಕಲಿಲ್ಲ. ಆಯುಧಪೂಜೆ ದಿನದ ಹಾಗೆ ಮಾಡಿದೆ. ಮೂತಿಗೆ ಬಾಳೆಕಂದು ಎರಡು ಕಡೆ, ಹಸಿರು ಪೇಪರಿನಲ್ಲಿ. ಚೆಂಡುಹೂವಿನ ಹಾರಕ್ಕೆ ಹಳದಿ ಸ್ಪಂಜನ್ನು ತುರಿದು ದಾರಕ್ಕೆ ಅಂಟಿಸಿದೆ. ಗಾಜಿನ ಮೇಲೆ ವಿಭೂತಿ ಪಟ್ಟೆ, ಕುಂಕುಮ. ಚಕ್ರದ ಕೆಳಗೆ ಜಜ್ಜಿದ ನಿಂಬೆಹಣ್ಣು, ಮುಂದೆ ಒಡೆದ ಬೂದುಗುಂಬಳ. ಇದೂ ಗಾಡಿಯ ನಿಜವೇ ಅಲ್ವಾ?

ಬೇಲೂರು ಮೇಷ್ಟ್ರು

ಖಂಡಿತ ನಿಜ. ಅಷ್ಟೇ ಅಲ್ಲ, ತೊಳೆದ ಗಾಡಿಯನ್ನು ಮಾಡುವುದು ಕೆಸರಿನ ಗಾಡಿಗಿಂತ ಕಷ್ಟ. ಬಟ್ಟೆ ಹಿಡಿದ ಕೈ ಎಲ್ಲಿಗೆ ಹೋಗುವುದಿಲ್ಲವೋ ಅಲ್ಲಿ ಮಣ್ಣು ಉಳಿಯುತ್ತದೆ. ಬಾಗಿಲಿನ ಕೀಲು, ನಂಬರ್ ಪ್ಲೇಟಿನ ಹಿಂದೆ, ಲೈಟಿನ ಸುತ್ತ. ದಿನಾ ಉಜ್ಜಿ ಅಂಚುಗಳ ಬಣ್ಣ ತೆಳುವಾಗಿ ಕೆಳಗಿನ ಪ್ರೈಮರ್ ಇಣುಕುತ್ತದೆ. ಕಾಳಜಿಯ ಗುರುತು ಅದು. ನಿಮ್ಮ ಲಾರಿಯ ಸ್ಟೆಪ್ಪಿನ ಮೇಲೆ ತಂದೆಯವರ ಕಾಲು ತಾಗಿ ಸವೆದ ಜಾಗ ಮಾಡಿದ್ದೀರಾ?

ಅರಸೀಕೆರೆ ತೆಂಗು

ಮಾಡಿರಲಿಲ್ಲ ಮೇಷ್ಟ್ರೇ. ಇವತ್ತು ರಾತ್ರಿ ಮಾಡುತ್ತೇನೆ. ಅವರು ಯಾವಾಗಲೂ ಬಲಗಾಲು ಮೊದಲು ಇಡುತ್ತಿದ್ದರು.

ಚಿಕ್ಕಮಗಳೂರು 1/24

ಸವೆದ ಜಾಗಕ್ಕೆ ಸುಲಭ ದಾರಿ: ಮೊದಲು ಲೋಹದ ಬಣ್ಣ ಅಥವಾ ಪ್ರೈಮರ್ ಬಣ್ಣ, ಅದರ ಮೇಲೆ ಕ್ಲಿಯರ್, ಆಮೇಲೆ ಎರಡು ಕೈ ಹೇರ್ ಸ್ಪ್ರೇ, ಅದರ ಮೇಲೆ ಅಕ್ರಿಲಿಕ್ ಮೇಲ್ಬಣ್ಣ. ಅರ್ಧ ಗಂಟೆ ಬಿಟ್ಟು ಒದ್ದೆ ಬ್ರಶ್ಶಿನಲ್ಲಿ ತಟ್ಟಿದರೆ ಹೇರ್ ಸ್ಪ್ರೇ ನೀರಿಗೆ ಕರಗಿ ಮೇಲ್ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಉಪ್ಪಿನ ಹರಳು ಅಂಟಿಸಿ, ಮೇಲೆ ಬಣ್ಣ ಹೊಡೆದು, ಆಮೇಲೆ ಉಪ್ಪು ಉದುರಿಸುವ ವಿಧಾನವೂ ಇದೆ, ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಜನವರಿಗೆ ಇಟ್ಟುಕೊಳ್ಳಿ. ಈಗಾಗಲೇ ಬಣ್ಣ ಆಗಿಹೋಗಿದ್ದರೆ ಸ್ಪಂಜಿನ ಚೂರಿಗೆ ಬಣ್ಣ ಮುಟ್ಟಿಸಿ, ಪೇಪರಿಗೆ ಒತ್ತಿ ತೆಗೆದು, ಉಳಿದಿದ್ದನ್ನು ಅಂಚಿಗೆ ಒತ್ತಿ.

ಮೂಡಿಗೆರೆ ಜೀಪು

ಹನ್ನೆರಡು ದಿನ ಆಯಿತು, ಹೇಳಲು ಜಾಸ್ತಿ ಇದೆ.

ಬಿಳಿ ಪದರ ಹೋಯಿತು. ಬುಧವಾರ ಎರಡು ಗಂಟೆ ಬಿಸಿಲು ಬಂತು, ಬಲ್ಬಿನ ಪೆಟ್ಟಿಗೆ ತಯಾರಿತ್ತು. ಪ್ಲಾಸ್ಟಿಕ್ಕಿಗೆ ಆಗುವ ಥಿನ್ನರ್, ರಿಟಾರ್ಡರ್ ಸೇರಿಸಿ ಒಂದೇ ಕೈ. ಕಣ್ಣೆದುರೇ ಹಸಿರು ವಾಪಸ್ ಬಂತು. ಟಿಂಕರಿಂಗ್ ಅಣ್ಣ, ನಿಮಗೆ ದೊಡ್ಡ ನಮಸ್ಕಾರ.

ಮಣ್ಣನ್ನು ಮೂರು ಸಲ ಕದಡಿ ಇಳಿಸಿದೆ. ಹಿಂದಿನ ಬಾಗಿಲಿನ ಮೇಲಂಚಿನಲ್ಲಿ ಬಣ್ಣ ಪೂರ್ತಿ ಕೆರೆದೆ, ಗೋಣಿಚೀಲ ಎಳೆದು ಎಳೆದು ಅಲ್ಲಿ ತಗಡು ಕಾಣುತ್ತಿದ್ದದ್ದು ನೆನಪಾಯಿತು. ಟಾಪು ಟಿಶ್ಯೂ ಪೇಪರ್, ಫೆವಿಕಾಲ್ ನೀರಲ್ಲಿ ಅದ್ದಿದ್ದು. ಹೊಲಿಗೆಗೆ ಅಕ್ಕ ಹೇಳಿದ ಹಸಿರು. ಚೈನಿಗೆ ತಂಗಿಯ ಹಳೇ ಕಾಲ್ಗೆಜ್ಜೆಯ ತುಂಡು, ಕೇಳಿಯೇ ತಗೊಂಡೆ. ಎರಡೂ ಕಡೆ ಸಮವಾಗಿ ಕೆಸರು ಹಾಕಿ ಮುಗಿಸಿದೆ ಅಂದುಕೊಂಡೆ.

ಮೊನ್ನೆ ನಮ್ಮ ಜೀಪು ಓಡಿಸುತ್ತಿದ್ದ ಡ್ರೈವರ್ ಮಾಮ ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದೆ ಅವರಿಗೆ. ಕೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಸ್ಟೇರಿಂಗ್ ನೋಡಿದರು, ಚೈನು ನೋಡಿದರು. ಆಮೇಲೆ, "ಬಲಗಡೆ ಇಷ್ಟು ಕೆಸರು ಹೆಂಗೆ ಬಂತು?" ಅಂದರು. ನನಗೆ ಅರ್ಥ ಆಗಲಿಲ್ಲ. ಅವರೇ ಹೇಳಿದರು. ತೋಟದ ದಾರಿ ಒಂದೇ ಗಾಡಿಯಷ್ಟು ಅಗಲ. ಎದುರಿಗೆ ಯಾರೇ ಬರಲಿ, ಜೀಪು ಎಡಕ್ಕೆ ಚರಂಡಿಗೆ ಇಳಿಯಬೇಕು. ಬಲಗಡೆ ಚಕ್ರ ಕಲ್ಲಿನ ಮೇಲೇ ಇರುತ್ತಿತ್ತು. "ಎಡಗಡೆ ತೊಳೆಯೋಕೆ ನಂಗೆ ಎರಡು ಕೊಡ ನೀರು ಬೇಕಿತ್ತು, ಬಲಗಡೆಗೆ ಒಂದೇ" ಅಂದರು. ಇನ್ನೊಂದು, ಅವರು ಬಲಮೊಣಕೈಯನ್ನು ಯಾವಾಗಲೂ ಹೊರಗೆ ಇಟ್ಟು ಓಡಿಸುತ್ತಿದ್ದರಂತೆ. ಆ ಜಾಗದಲ್ಲಿ ಬಣ್ಣ ಹೋಗಿ ನುಣ್ಣಗೆ ಹೊಳೆಯುತ್ತಿತ್ತಂತೆ. ನನ್ನ ಎರಡು ಫೋಟೋದಲ್ಲಿ ಆ ಬದಿ ಇಲ್ಲವೇ ಇಲ್ಲ.

ಈಗ ಬಲಗಡೆ ಕೆಸರು ತೆಗೆಯಬೇಕು. ಟರ್ಪೆಂಟೈನ್‌ನಲ್ಲಿ ಕೂರಿಸಿದ್ದು, ಫೆವಿಕಾಲ್ ಅಲ್ಲ. ಹೇಗೆ ತೆಗೆಯಲಿ?

ಬೇಲೂರು ಮೇಷ್ಟ್ರು

ಟರ್ಪೆಂಟೈನ್‌ನಲ್ಲೇ ನೆನೆಸಿದ ಬ್ರಶ್ಶನ್ನು ಬಟ್ಟೆಗೆ ಒತ್ತಿ, ಪಸೆ ಮಾತ್ರ ಉಳಿಸಿಕೊಂಡು ಎತ್ತಿ. ಪೂರ್ತಿ ತೆಗೆಯಬೇಡಿ. ಒಂದು ಕೊಡ ನೀರಿನಷ್ಟು ಬಿಡಿ.

ಕಳಸದ ಅಕ್ಕ

ಮೊಣಕೈ ಜಾಗಕ್ಕೆ ಬಣ್ಣ ಕೆರೆಯಬೇಡ. ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಲ್ಲಿ ತಿಕ್ಕು. ಕೈ ತಾಗಿ ಸವೆದ ತಗಡಿನ ಹೊಳಪು ಹಾಗೇ ಬರುತ್ತದೆ.

ಹಾಸನ ಟಿಂಕರಿಂಗ್

ಮಾಮನಿಗೆ ಇನ್ನೊಂದು ವಿಷಯ ಕೇಳು ತಮ್ಮಾ. ಆ ಹಸಿರಿನ ಕೆಳಗೆ ಮೊದಲು ಯಾವ ಬಣ್ಣ ಇತ್ತು ಅಂತ. ಅಷ್ಟು ಹಳೇ ಜೀಪು ಒಂದೇ ಬಣ್ಣದಲ್ಲಿ ಉಳಿದಿರಲ್ಲ. ಕೆರೆದ ಅಂಚಿನಲ್ಲಿ ಅದು ಕೂದಲೆಳೆಯಷ್ಟು ಕಾಣಬೇಕು.

ಮೂಡಿಗೆರೆ ಜೀಪು

ಈಗಷ್ಟೇ ಫೋನ್ ಮಾಡಿದೆ. ಬೂದುಬಣ್ಣವಂತೆ. ನಾನು ಹುಟ್ಟುವ ಮೊದಲು. ನಾಳೆ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಶುರು ಮಾಡುತ್ತೇನೆ.